ಹಲಗಿ ರೆಕಾರ್ಡ್ ಮಾಡುವ ಮುಂಚೆ



ಸ್ವಲ್ಪ ಉದ್ದದ ಬರಹ. ಹಾಡು ಕಟ್ಟುವ, ಹಾಡುವ, ಹಲಗಿ ಬಾರಿಸುವ ನಮ್ಮ ಹುಡುಗ ಹುಡುಗಿಯರು ಓದಲಿ ಅಂತ ಬರೀತಿದೀನಿ. ಏಪ್ರಿಲ್ 14 ಹತ್ತಿರ ಬಂತಂದ್ರೆ ಊರೂರಲ್ಲಿ ಹೊಸ ಹಾಡು ರೆಕಾರ್ಡ್ ಆಗ್ತವೆ. ಖುಷಿಯ ಮಾತು. ಆದರೆ ಸ್ಟುಡಿಯೋದ ಬಾಗಿಲು ದಾಟಿದ ಮೇಲೆ ನಮ್ಮ ಬಾಯಿ ಕಟ್ಟಿಹೋಗುತ್ತೆ. ಅಲ್ಲಿ ಆಡುವ ಮಾತು ನಮಗೆ ಗೊತ್ತಿರಲ್ಲ. ಗೊತ್ತಿಲ್ಲದ್ದಕ್ಕೆ ನಾವು ಏನು ತೆತ್ತೆವು ಅನ್ನೋದನ್ನ ಮೊದಲು ಹೇಳ್ತೀನಿ.

ನಮ್ಮೂರು ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರು. ಕೆಲವು ವರ್ಷದ ಹಿಂದೆ ಕೇರಿಯ ಐದು ಮಂದಿ ದುಡ್ಡು ಕೂಡಿಸಿ, ಬಾಬಾಸಾಹೇಬರ ಮೇಲೆ ನಾವೇ ಕಟ್ಟಿದ ಒಂದು ಹಾಡು ತಗೊಂಡು ಪೇಟೆಯ ಸ್ಟುಡಿಯೋ ಒಂದಕ್ಕೆ ಹೋದೆವು. ನಾನು ಹಾಡೋದು, ಇಬ್ಬರು ಸೊಲ್ಲು ಹಿಡಿಯೋದು, ಇಬ್ಬರು ಹಲಗಿ. ನನ್ನ ಧ್ವನಿ ಮುಗೀತು. ಹಲಗಿಗೆ ಮೈಕ್ ಇಟ್ಟು ಎರಡು ಪೆಟ್ಟು ಬಿದ್ದಿತ್ತೋ ಇಲ್ಲವೋ, ಕಂಪ್ಯೂಟರ್ ಮುಂದೆ ಕೂತವರು ಕೈ ಎತ್ತಿದರು.

"ಇದು ಬರೇ ನಾಯ್ಸ್ ಆಗ್ತೈತ್ರಿ. ಕೀಬೋರ್ಡಿನಾಗ ಹಲಗಿ ಸೌಂಡ್ ಐತಿ, ಅದನ್ನ ಹಾಕ್ತೀನಿ ಬಿಡ್ರಿ."

ನಾವು ಹೂಂ ಅಂದೆವು. ಹಲಗಿಯವರಿಬ್ಬರೂ ಹೊರಗೆ ಕಟ್ಟೆ ಮೇಲೆ ಹೋಗಿ ಕೂತರು.

ಮುಗಿದ ಹಾಡು ವಾಟ್ಸಾಪಿನಲ್ಲಿ ಒಂದು ಎಂಪಿತ್ರಿ ಫೈಲಾಗಿ ಬಂತು. ಅದೇ ನಮ್ಮ ಕೈಗೆ ಸಿಕ್ಕಿದ್ದು. ಮುಂದಿನ ವರ್ಷ ಜಯಂತಿಯ ಮೆರವಣಿಗೆಯ ವಿಡಿಯೋಗೆ ಆ ಹಾಡು ಸೇರಿಸಿ ಯೂಟ್ಯೂಬಿಗೆ ಹಾಕಿದರೆ, ಈ ಹಾಡಿನ ಹಕ್ಕು ಬೇರೆಯವರದ್ದು ಅಂತ ನೋಟಿಸ್ ಬಂತು. ನಮ್ಮ ಪದ, ನಮ್ಮ ಧಾಟಿ, ನನ್ನ ಗಂಟಲು. ತಕರಾರು ಹಾಕೋಣ ಅಂದ್ರೆ ಕಾಗದ ಇಲ್ಲ, ಮೂಲ ಫೈಲ್ ಇಲ್ಲ, ಯಾವತ್ತು ರೆಕಾರ್ಡ್ ಆಯ್ತು ಅನ್ನೋದಕ್ಕೂ ಸಾಕ್ಷಿ ಇಲ್ಲ.

ಆಮೇಲೆ ನನ್ನ ಅಣ್ಣನ ಮಗ ಹಟ ಹಿಡಿದ. ಹಳೇ ಲ್ಯಾಪ್‌ಟಾಪು, ಯಾರೋ ಬಳಸಿ ಮಾರಿದ ಎರಡು ಚಾನೆಲ್ಲಿನ ಆಡಿಯೋ ಇಂಟರ್ಫೇಸು, ಎರಡು ಮೈಕು ಹೊಂದಿಸಿದ. "ಅತ್ತಿ, ಈ ಸಲ ಮನ್ಯಾಗ ಮಾಡೋಣು. ಅಜ್ಜನ ಕಡೆ ಹಲಗಿ ಬಾರಸಸೋಣು" ಅಂದ.

ಅಜ್ಜ ಅಂದ್ರೆ ನಮ್ಮಪ್ಪ. ಅಪ್ಪನಿಗೆ ಹೇಳೋದೇ ಕಷ್ಟದ ಕೆಲಸ ಆಗಿತ್ತು. ವಯಸ್ಸಿನಲ್ಲಿ ಅಪ್ಪ ಡಂಗುರ ಸಾರಿದವನು, ಹೆಣದ ಮುಂದೆ ಹಲಗಿ ಬಾರಿಸಿದವನು. ಊರವರು ಕರೆದ ಹೊತ್ತಿಗೆ ಹೋಗಬೇಕು, ಸುಗ್ಗಿಯಲ್ಲಿ ಅವರು ಕೊಟ್ಟಷ್ಟು ಆಯದ ಕಾಳು ತರಬೇಕು. ತುಂಗಭದ್ರೆಯ ಆಚೆ ದಂಡೆಯ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು 1970ರ ದಶಕದಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಮಾತು ನಮ್ಮ ಕೇರಿಗೂ ಬಂದಾಗ, ಅಪ್ಪ ಒಂದು ದಿನ ಹಲಗಿಯನ್ನ ಗೂಟಕ್ಕೆ ಹಾಕಿದ. ಮತ್ತೆ ಇಳಿಸಲಿಲ್ಲ. ನನ್ನ ಓದು ಶುರುವಾಗಿದ್ದು ಆಮೇಲೆ.

"ನಿಮ್ಮ ಸಲವಾಗಿ ಕೆಳಗ ಇಟ್ಟೇನಿ ಯವ್ವಾ. ನೀವ ಮತ್ತ ಕೈಯಾಗ ಕೊಡಾಕ ಬಂದೀರೇನು?" ಅಂದ.

ನನಗೆ ಉತ್ತರ ಹೊಳೆಯಲಿಲ್ಲ. ಅದೇ ಚಳವಳಿಯ ಮೆರವಣಿಗೆಗಳಲ್ಲಿ ಸಿದ್ಧಲಿಂಗಯ್ಯನವರ ಹಾಡಿನ ಜೊತೆ ತಮಟೆ, ಹಲಗಿ ಗುಡುಗಿದ್ದು ನಿಜ. ಚೆನ್ನೈನಲ್ಲಿ ಪಾ. ರಂಜಿತ್, ತೆನ್ಮಾ ಕಟ್ಟಿದ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡ 2018ರ ಜನವರಿಯಲ್ಲಿ ಪರೈ ವಾದ್ಯವನ್ನು ಗಿಟಾರಿನ ಪಕ್ಕ ವೇದಿಕೆಗೆ ತಂದಿದ್ದೂ ನಿಜ. ಆದರೆ ಇದನ್ನೆಲ್ಲ ಹೇಳಿದರೆ ಅಪ್ಪನ ಪ್ರಶ್ನೆಗೆ ಉತ್ತರ ಆಗಲ್ಲ. ಎರಡು ದಿನ ಬಿಟ್ಟು ಅವನೇ ಕೇಳಿದ.

"ಯಾರು ಕರದಾರ? ನಾ ಬಾರಿಸಿದ್ದನ್ನ ಯಾರು ಕಡಿತಾರ, ಯಾರು ಜೋಡಸ್ತಾರ? ಆಮ್ಯಾಲೆ ಅದು ಯಾರ ಹಂತ್ಯಾಕ ಇರತೈತಿ?"

ಈ ಮೂರೇ ಪ್ರಶ್ನೆ. ರೆಕಾರ್ಡಿಂಗ್ ಬಗ್ಗೆ ನಾನು ಕಲಿತಿದ್ದೆಲ್ಲ ಈ ಮೂರಕ್ಕೆ ಉತ್ತರ ಹುಡುಕುವಾಗಲೇ.

ಮೊದಲು 'ನಾಯ್ಸ್' ಮಾತು. ಹುಡುಗ ನನಗೆ ಡಿಜಿಟಲ್ ರೆಕಾರ್ಡಿಂಗ್ ತಿಳಿಸಿದ್ದು ಹೊಳೆಯ ಲೆಕ್ಕದಲ್ಲಿ. ಹೊಳೆಯಲ್ಲಿ ನೀರಿನ ಮಟ್ಟ ನೋಡೋಕೆ ಅಳತೆ ಪಟ್ಟಿ ನಿಲ್ಲಿಸಿರ್ತಾರಲ್ಲ, ಹಂಗೆ. ಶಬ್ದ ಅಂದ್ರೆ ಏರಿಳಿಯುವ ಅಲೆ. ಕಂಪ್ಯೂಟರ್ ಆ ಅಲೆಯ ಎತ್ತರವನ್ನು ಮತ್ತೆ ಮತ್ತೆ ಅಳೆದು ಅಂಕಿ ಬರೆದಿಡುತ್ತೆ. ಸೆಕೆಂಡಿಗೆ ಎಷ್ಟು ಸಲ ಅಳೀತೀವಿ ಅನ್ನೋದು ಸ್ಯಾಂಪಲ್ ರೇಟ್. ಸಿಡಿಯಲ್ಲಿ ಅದು 44,100, ವಿಡಿಯೋಗೆ ಸಾಮಾನ್ಯವಾಗಿ 48,000. ಮನುಷ್ಯರ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳುತ್ತೆ. ಅದನ್ನ ಹಿಡಿಯೋಕೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು, ಅದಕ್ಕೇ ಈ ಅಂಕಿ. ಇನ್ನು ಪಟ್ಟಿಯ ಮೇಲೆ ಗೆರೆಗಳು ಎಷ್ಟು ಸಣ್ಣಗಿವೆ ಅನ್ನೋದು ಬಿಟ್ ಡೆಪ್ತ್. 16 ಬಿಟ್ ಅಂದ್ರೆ 65,536 ಗೆರೆ. 24 ಬಿಟ್ ಅಂದ್ರೆ ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು. ರೆಕಾರ್ಡ್ ಮಾಡುವಾಗ 24 ಬಿಟ್ ಇಟ್ಟುಕೊಳ್ಳಿ. ಸಣ್ಣ ಶಬ್ದವೂ ಸ್ಪಷ್ಟ ಇರುತ್ತೆ, ಹಾಗಾಗಿ ಮಟ್ಟ ಸ್ವಲ್ಪ ಕೆಳಗೆ ಇಟ್ಟರೂ ನಷ್ಟವಿಲ್ಲ.

ಈಗ ಮಹಾಪೂರ ಬಂತು ಅಂದುಕೊಳ್ಳಿ, ನೀರು ಪಟ್ಟಿಯ ತುದಿ ದಾಟಿತು. ಪಟ್ಟಿ ಏನು ಹೇಳುತ್ತೆ? ತುದಿಯ ಅಂಕಿಯನ್ನೇ ಹೇಳುತ್ತೆ, ಮೇಲಿನದು ಲೆಕ್ಕಕ್ಕೇ ಬರಲ್ಲ. ಡಿಜಿಟಲ್ ಮೀಟರಿನಲ್ಲಿ ಆ ತುದಿ ಸೊನ್ನೆ ಡೆಸಿಬಲ್. ಅದನ್ನ ದಾಟಿದ ಅಲೆಯ ತಲೆ ಕತ್ತರಿಸಿಹೋಗಿ ಕರಕರ ಅನ್ನುತ್ತೆ. ಇದೇ ಕ್ಲಿಪ್ಪಿಂಗ್. ಆಮೇಲೆ ವಾಲ್ಯೂಮ್ ಇಳಿಸಿದರೆ ಕರಕರ ಸಣ್ಣಗೆ ಕೇಳುತ್ತೆ, ಅಷ್ಟೇ. ಕತ್ತರಿಸಿದ ತಲೆ ವಾಪಸ್ ಬರಲ್ಲ.

ಗೇನ್ ಬೇರೆ, ವಾಲ್ಯೂಮ್ ಬೇರೆ. ಮೈಕಿನಿಂದ ಬಂದ ಸಣ್ಣ ಸಂಕೇತವನ್ನು ಒಳಗೆ ತಗೊಳ್ಳುವಾಗ ಎಷ್ಟು ಹಿಗ್ಗಿಸ್ತೀವಿ ಅನ್ನೋದು ಗೇನ್. ರೆಕಾರ್ಡ್ ಆದದ್ದನ್ನು ಎಷ್ಟು ಜೋರಾಗಿ ಕೇಳ್ತೀವಿ ಅನ್ನೋದು ವಾಲ್ಯೂಮ್. ಇದು ತಿಳಿದ ದಿನ ನನಗೆ ಆ ಸ್ಟುಡಿಯೋ ನೆನಪಾಯ್ತು. ನನ್ನ ಧ್ವನಿಗೆ ಏರಿಸಿದ್ದ ಗೇನನ್ನು ಹಲಗಿಗೆ ಇಳಿಸಿರಲೇ ಇಲ್ಲ. ಹಲಗಿಯ ಪೆಟ್ಟು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೇಲಕ್ಕೆ ಹಾರಿ ಇಳಿಯುತ್ತೆ. ಗುಂಡಿಯನ್ನು ಎಡಕ್ಕೆ ಸ್ವಲ್ಪ ತಿರುಗಿಸಿದ್ದರೆ ಮುಗಿದಿತ್ತು. ನಾವು "ಗೇನ್ ಇಳಿಸಿ ನೋಡ್ರಿ" ಅಂದಿದ್ದರೆ ಮುಗಿದಿತ್ತು. ಎರಡು ಪದ ಗೊತ್ತಿಲ್ಲದ್ದಕ್ಕೆ ಇಬ್ಬರು ಹೊರಗೆ ಕೂತರು.

ಈಗ ನಾವು ಮಾಡೋದಿಷ್ಟು: ಹಲಗಿಯವರಿಗೆ ತಮ್ಮ ಗಟ್ಟಿ ಪೆಟ್ಟು ಹೊಡೆಯೋಕೆ ಹೇಳಿ, ಮೀಟರ್ ಮೈನಸ್ 10ರ ಆಸುಪಾಸು ನಿಲ್ಲುವ ಹಾಗೆ ಗೇನ್ ಇಡ್ತೀವಿ. ಹುಮ್ಮಸ್ಸು ಬಂದಾಗ ಅವರು ಇನ್ನೂ ಗಟ್ಟಿಯಾಗಿ ಬಾರಿಸ್ತಾರೆ. ಉಳಿದ ಜಾಗ ಅದಕ್ಕೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡೋರಿಗೆ ಒಂದು ಮಾತು. ಎಷ್ಟೋ ಫೋನುಗಳ ರೆಕಾರ್ಡರ್ ಮನುಷ್ಯರ ಮಾತಿಗಾಗಿ ಮಾಡಿದ್ದು. ಸಣ್ಣ ಶಬ್ದ ತಾನೇ ಏರಿಸುತ್ತೆ, ದೊಡ್ಡದನ್ನ ತಾನೇ ಅದುಮುತ್ತೆ, ಮಾತಿನಂತೆ ಕೇಳದ್ದನ್ನ ಗದ್ದಲ ಅಂತ ಅಳಿಸೋಕೆ ನೋಡುತ್ತೆ. ಹಲಗಿ ಹಿಡಿದರೆ ಉಸಿರು ಕಟ್ಟಿದ ಹಾಗೆ ಕೇಳೋದು ಅದಕ್ಕೇ. ಸೆಟ್ಟಿಂಗಿನಲ್ಲಿ ಇವನ್ನ ಆರಿಸೋಕೆ ಬಂದರೆ ಆರಿಸಿ. ಬರದಿದ್ದರೆ ಬೇರೆ ಆ್ಯಪ್ ನೋಡಿ.

ಮೈಕಿನಲ್ಲಿ ಮುಖ್ಯವಾಗಿ ಎರಡು ಜಾತಿ (ಈ ಜಾತಿಗೆ ನನ್ನ ತಕರಾರಿಲ್ಲ). ಡೈನಾಮಿಕ್ ಮೈಕು ಗಟ್ಟಿ, ದೊಡ್ಡ ಶಬ್ದ ತಡೆಯುತ್ತೆ. ಸಭೆಗಳಲ್ಲಿ ಕೈಯಲ್ಲಿ ಹಿಡಿಯೋದು ಹೆಚ್ಚಾಗಿ ಇದೇ. ಶೂರ್ ಕಂಪನಿಯ ಎಸ್‌ಎಂ 58 ಅನ್ನೋದು 1966ರಿಂದ ಇದೆ, ಇವತ್ತಿಗೂ ವೇದಿಕೆ ಮೇಲೆ ಕಾಣುತ್ತೆ. ಕಂಡೆನ್ಸರ್ ಮೈಕು ಸೂಕ್ಷ್ಮ, ಉಸಿರನ್ನೂ ಹಿಡಿಯುತ್ತೆ. ಅದಕ್ಕೆ ಇಂಟರ್ಫೇಸಿನಿಂದ 48 ವೋಲ್ಟ್ ಕೊಡಬೇಕು, ಅದಕ್ಕೆ ಫ್ಯಾಂಟಮ್ ಪವರ್ ಅಂತಾರೆ. ಕಂಡೆನ್ಸರ್ ಹಾಕಿ "ಮೈಕ್ ಕೆಟ್ಟೈತಿ" ಅಂತ ನಾವು ಅರ್ಧ ದಿನ ಕೂತಿದ್ದು ಆ ಗುಂಡಿ ಒತ್ತದೆ. ನಾವು ಹಲಗಿಗೆ ಡೈನಾಮಿಕ್ಕು, ಧ್ವನಿಗೆ ಕಂಡೆನ್ಸರ್ರು ಇಟ್ಟೆವು.

ಜಾಗ ಯಾವುದು? ನಮ್ಮದು ತಗಡಿನ ಮನೆ. ಮೊದಲ ದಿನ ಹಲಗಿಯ ಪ್ರತಿ ಪೆಟ್ಟಿಗೂ ತಗಡು ತಿರುಗಿ ಮಾತಾಡಿತು. ಬರಿ ಗೋಡೆ, ಬರಿ ತಗಡು ಶಬ್ದವನ್ನು ವಾಪಸ್ ಎಸೆಯುತ್ತವೆ. ದಪ್ಪನೆಯ, ಮೆತ್ತನೆಯ ವಸ್ತು ನುಂಗುತ್ತೆ. ಕಂಬಳಿ ಇಳಿಬಿಟ್ಟೆವು, ಕೌದಿ ಹಾಸಿದೆವು, ಅಣ್ಣನ ಹತ್ತಿಯ ಅಂಡಿಗೆಗಳನ್ನ ಮೂಲೆಗೆ ಒಟ್ಟಿದೆವು. ಅವ್ವ ಬೈದಳು. ಆದರೆ ಶಬ್ದ ಬಿಗಿಯಾಯ್ತು. ನೆನಪಿಡಿ, ಇದು ಒಳಗಿನ ಪ್ರತಿಧ್ವನಿಗೆ ಮಾತ್ರ ಮದ್ದು. ಹೊರಗಿನ ಟ್ರ್ಯಾಕ್ಟರ್ ಶಬ್ದವನ್ನು ಕಂಬಳಿ ತಡೆಯಲ್ಲ. ಅದಕ್ಕೆ ನಾವು ರಾತ್ರಿ ಹತ್ತರ ಮೇಲೆ ಕೂತೆವು.

ಆಮೇಲೆ ಹಲಗಿ ಕಾಯಿಸೋ ವಿಷಯ. ತೊಗಲಿನ ಹಲಗಿ ಬೆಂಕಿಗೆ ಹಿಡಿದಾಗ ಬಿಗಿಯುತ್ತೆ, ಆರಿದಂತೆ, ತಂಪು ಗಾಳಿಗೆ ಸಡಿಲಾಗುತ್ತೆ, ದನಿ ಇಳಿಯುತ್ತೆ. ಒಂದು ಚರಣ ಈಗ, ಇನ್ನೊಂದು ಚರಣ ಅರ್ಧ ಗಂಟೆ ಬಿಟ್ಟು ರೆಕಾರ್ಡ್ ಮಾಡಿ ಜೋಡಿಸಿದರೆ ಎರಡು ಬೇರೆ ಹಲಗಿ ಕೇಳಿದ ಹಾಗಾಗುತ್ತೆ. ಈ ಸೂಕ್ಷ್ಮ ಹೇಳಿದ್ದು ಹುಡುಗನಲ್ಲ, ಅಪ್ಪ. ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಪ್ರತಿ ಟೇಕಿಗೂ ಮುಂಚೆ ಕಾಯಿಸಿ, ಬೆರಳಿನಿಂದ ತಟ್ಟಿ ಕೇಳಿ, "ಹೂಂ, ಈಗ ಒತ್ತು" ಅಂತಿದ್ದ. ಆವತ್ತು ರೆಕಾರ್ಡಿಂಗ್ ನಡೆಸಿದ್ದು ಅವನೇ.

ಲೇಟೆನ್ಸಿ ಅಂತ ಒಂದಿದೆ. ಹೆಡ್‌ಫೋನ್ ಹಾಕಿಕೊಂಡು ಬಾರಿಸಿದರೆ ಅಪ್ಪನಿಗೆ ತನ್ನ ಪೆಟ್ಟೇ ತಡವಾಗಿ ಕೇಳ್ತಿತ್ತು. ಕಂಪ್ಯೂಟರ್ ಶಬ್ದವನ್ನು ಕಂತು ಕಂತಾಗಿ ತುಂಬಿಕೊಂಡು ಸಾಗಿಸುತ್ತೆ, ಆ ಕಂತಿನ ಹೆಸರು ಬಫರ್. 44,100ರ ಲೆಕ್ಕದಲ್ಲಿ ಬಫರ್ 1024 ಇದ್ದರೆ ಒಂದು ಕಂತಿಗೇ ಸುಮಾರು 23 ಮಿಲಿಸೆಕೆಂಡು. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ ಎಂಟು ಮೀಟರ್ ಹೋಗಿರುತ್ತೆ. ಅಂದ್ರೆ ಜೊತೆಗಾರ ಕೇರಿಯ ಆ ಕಡೆ ನಿಂತು ಬಾರಿಸಿದ ಹಾಗೆ. 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡು. ರೆಕಾರ್ಡ್ ಮಾಡುವಾಗ ಬಫರ್ ಇಳಿಸಿ, ಆಮೇಲೆ ಮಿಕ್ಸ್ ಮಾಡುವಾಗ ಏರಿಸಿ. ಹಳೇ ಕಂಪ್ಯೂಟರ್ ಆದರೆ ಬಹಳ ಇಳಿಸಿದಾಗ ಶಬ್ದ ಕಡಿದು ಕಡಿದು ಬರುತ್ತೆ, ನೋಡಿಕೊಂಡು ಇಳಿಸಿ.

ಇಲ್ಲಿಂದ ಅಪ್ಪನ ಎರಡನೇ ಪ್ರಶ್ನೆ: ಯಾರು ಕಡಿತಾರ, ಯಾರು ಜೋಡಸ್ತಾರ?

ಕ್ಲಿಕ್ ಟ್ರ್ಯಾಕ್ ಅಂದ್ರೆ ಗಡಿಯಾರದ ಹಾಗೆ ಒಂದೇ ಸಮ ಟಕ್ ಟಕ್ ಅನ್ನುವ ಲಯ. ಅದರ ಜೊತೆ ಬಾರಿಸಿದರೆ ಜೋಡಿಸೋದು ಸುಲಭ. ನಮ್ಮ ಹಾಡು ಶುರುವಾದಾಗ ನಿಮಿಷಕ್ಕೆ 100 ಪೆಟ್ಟಿನ ಹತ್ತಿರ ಇತ್ತು, ಮುಗಿಯುವಾಗ 112 ದಾಟಿತ್ತು. ಮೆರವಣಿಗೆ ನಡೆಯೋದೇ ಹಂಗೆ. ಕಂಪ್ಯೂಟರಿನಲ್ಲಿ ಕ್ವಾಂಟೈಸ್ ಅಂತ ಒಂದು ಆಜ್ಞೆ ಇದೆ, ಹಿಂದೆ ಮುಂದೆ ಬಿದ್ದ ಪೆಟ್ಟುಗಳನ್ನೆಲ್ಲ ಎಳೆದು ಗೆರೆ ಮೇಲೆ ಕೂರಿಸುತ್ತೆ. ಹುಡುಗ ಒಂದು ಸಲ ಮಾಡಿ ತೋರಿಸಿದ. ತಪ್ಪು ಒಂದೂ ಇರಲಿಲ್ಲ. ಅಪ್ಪ ಕೇಳಿ, "ಇದು ಯಾರು ಬಾರಿಸಿದ್ದು?" ಅಂದ. ಕ್ಲಿಕ್ ಬೇಡ ಅಂತ ಬಿಟ್ಟೆವು. ಎಲ್ಲರೂ ಒಟ್ಟಿಗೆ ನಿಂತು ಹಾಡಿದೆವು. ಒಬ್ಬರ ಶಬ್ದ ಇನ್ನೊಬ್ಬರ ಮೈಕಿಗೆ ಸೋರಿತು, ಇದಕ್ಕೆ ಬ್ಲೀಡ್ ಅಂತಾರೆ. ಆಮೇಲೆ ಬೇರೆ ಮಾಡಿ ತಿದ್ದೋದು ಕಷ್ಟ ಆಯ್ತು. ಆ ನಷ್ಟ ಗೊತ್ತಿದ್ದೇ ಒಪ್ಪಿಕೊಂಡೆವು. ನಿಮ್ಮ ಹಾಡಿಗೆ ಕ್ಲಿಕ್ ಬೇಕಾದರೆ ಖಂಡಿತ ಬಳಸಿ. ನಿರ್ಧಾರ ಬಾರಿಸುವವರದ್ದಾಗಿರಲಿ, ಅಷ್ಟೇ.

ಗೇಟ್ ಅನ್ನೋದು ಒಂದು ಮಟ್ಟಕ್ಕಿಂತ ಸಣ್ಣ ಶಬ್ದ ಬಂದಾಗ ಬಾಗಿಲು ಮುಚ್ಚುತ್ತೆ. ದಪ್ಪ ಕೋಲಿನ ಪೆಟ್ಟು ಉಳಿದು, ಸಣ್ಣ ಕಡ್ಡಿಯ ಚಿಟಿಚಿಟಿ ಹಾರಿಹೋದರೆ ಗೇಟ್ ಅತಿಯಾಗಿದೆ ಅಂತ ಅರ್ಥ. ಕಂಪ್ರೆಸರ್ ಅನ್ನೋದು ಒಂದು ಮಟ್ಟ ದಾಟಿದ್ದನ್ನ ಅದುಮುತ್ತೆ. ಅನುಪಾತ 4ಕ್ಕೆ 1 ಇದ್ದರೆ, 4 ಡೆಸಿಬಲ್ ದಾಟಿದ್ದು 1 ಡೆಸಿಬಲ್ ಮಾತ್ರ ದಾಟುತ್ತೆ. ಅದರಲ್ಲಿ ಅಟ್ಯಾಕ್ ಅನ್ನುವ ಸಮಯ ಬಹಳ ಚಿಕ್ಕದಾಗಿಟ್ಟರೆ ಪೆಟ್ಟಿನ ಮೊನೆಯೇ ಸಾಯುತ್ತೆ. ಈಕ್ಯೂ ಅಂದ್ರೆ ದಪ್ಪ ದನಿ, ಚೂಪು ದನಿ ಬೇರೆ ಬೇರೆ ಏರಿಸಿ ಇಳಿಸೋದು. ಹಲಗಿಯ ಚಟ್ ಅನ್ನುವ ಶಬ್ದವೂ, ನಮ್ಮ ಪದಗಳು ಸ್ಪಷ್ಟ ಕೇಳಿಸುವ ಭಾಗವೂ 2,000ದಿಂದ 4,000 ಹರ್ಟ್ಸ್ ಸುತ್ತ ಒಂದರ ಮೇಲೊಂದು ಬೀಳ್ತವೆ. ಹಲಗಿಯನ್ನ ಪೂರ್ತಿ ಇಳಿಸಬೇಡಿ, ಅಲ್ಲಿ ಮಾತ್ರ ಎರಡು ಮೂರು ಡೆಸಿಬಲ್ ಇಳಿಸಿ. ಮಾತೂ ಕೇಳುತ್ತೆ, ಹಲಗಿಯೂ ಇರುತ್ತೆ. ಕೊನೆಗೆ ಎಲ್ಲ ಸೇರಿಸಿ ಹದ ಮಾಡೋದು ಮಾಸ್ಟರಿಂಗ್. ಅಲ್ಲಿ ಸುಮ್ಮನೆ ಜೋರು ಮಾಡೋದರಿಂದ ಲಾಭವಿಲ್ಲ. ಸ್ಪಾಟಿಫೈ ತರದವರು ಮೈನಸ್ 14 ಎಲ್‌ಯುಎಫ್‌ಎಸ್ ಅನ್ನುವ ಅಳತೆಗೆ ತಾವೇ ಇಳಿಸ್ತಾರೆ.

ಇದನ್ನೆಲ್ಲ ಮಾಡೋಕೆ ಆಡಾಸಿಟಿ ಅನ್ನೋ ತಂತ್ರಾಂಶ ಉಚಿತವಾಗಿ ಸಿಗುತ್ತೆ. ಕಲಿಯೋಕೆ ಅದು ಸಾಕು.

ಮೂರನೇ ಪ್ರಶ್ನೆ: ಆಮ್ಯಾಲೆ ಯಾರ ಹಂತ್ಯಾಕ ಇರತೈತಿ? ಇಲ್ಲೇ ನಾವು ಮೋಸ ಹೋಗಿದ್ದು, ಆದ್ದರಿಂದ ನಿಧಾನ ಓದಿ.

ವೇವ್ ಫೈಲ್ ಅಂದ್ರೆ ಅಳೆದ ಅಂಕಿಗಳೆಲ್ಲ ಹಂಗಂಗೇ ಇರುವ ಫೈಲು. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ. ಎಂಪಿತ್ರಿ ಅಂದ್ರೆ ಕಿವಿಗೆ ಅಷ್ಟಾಗಿ ಗೊತ್ತಾಗದ್ದನ್ನ ತೆಗೆದುಹಾಕಿ ಸಣ್ಣ ಮಾಡಿದ್ದು. 128 ಕೆಬಿಪಿಎಸ್ ಆದರೆ ನಿಮಿಷಕ್ಕೆ 1 ಎಂಬಿ. ತೆಗೆದದ್ದು ತಿರುಗಿ ಬರಲ್ಲ. ಪ್ರತಿ ಮೈಕಿನದ್ದೂ ಬೇರೆ ಬೇರೆ ಇರುವ ಪೂರ್ತಿ ಕಡತ ಪ್ರಾಜೆಕ್ಟ್ ಫೈಲ್. ಧ್ವನಿ, ಹಲಗಿ, ಸೊಲ್ಲು ಬೇರೆ ಬೇರೆಯಾಗಿ ಹೊರಗೆ ತೆಗೆದದ್ದು ಸ್ಟೆಮ್ಸ್. ಸ್ಟುಡಿಯೋಗೆ ದುಡ್ಡು ಕೊಡುವ ಮೊದಲೇ "ವೇವ್, ಸ್ಟೆಮ್ಸ್, ಪ್ರಾಜೆಕ್ಟ್ ಎಲ್ಲ ಬೇಕು" ಅನ್ನಿ, ಪೆನ್‌ಡ್ರೈವ್ ಒಯ್ಯಿರಿ. ವಾಟ್ಸಾಪಿನಲ್ಲಿ ಕಳಿಸೋದೇ ಆದರೆ ಡಾಕ್ಯುಮೆಂಟ್ ಅಂತ ಕಳಿಸಿ. ಎರಡು ಕಡೆ ಪ್ರತಿ ಇಡಿ.

ಕಾನೂನು ಹೀಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪದಕ್ಕೆ ಒಂದು ಹಕ್ಕು, ಸಂಗೀತಕ್ಕೆ ಒಂದು, ರೆಕಾರ್ಡಿಂಗಿಗೆ ಇನ್ನೊಂದು. ರೆಕಾರ್ಡಿಂಗಿನ ಕರ್ತೃ ಅದರ ನಿರ್ಮಾಪಕ, ಅಂದ್ರೆ ಮುಂದೆ ಬಂದು ಜವಾಬ್ದಾರಿ ಹೊತ್ತು ಮಾಡಿಸಿದವರು. ಮೈಕು ಯಾರದ್ದು ಅನ್ನೋದು ಮುಖ್ಯ ಅಲ್ಲ. ದುಡ್ಡು ಕೂಡಿಸಿ ನಾವೇ ಮಾಡಿಸಿದ ಹಾಡಿಗೆ ನಾವೇ ನಿರ್ಮಾಪಕರು ಅಂತ ಹೇಳೋಕೆ ದಾರಿಯಿದೆ. ಆದರೆ ರಸೀದಿ ಬೇಕು, ಕಾಗದ ಬೇಕು. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿ ಸಮೇತ ಇದ್ದರೆ ಮಾತ್ರ ನಿಲ್ಲುತ್ತೆ. ಅವಧಿ ಬರೆಯದಿದ್ದರೆ 5 ವರ್ಷ ಅಂತ ಕಾಯ್ದೆಯೇ ಹೇಳುತ್ತೆ. ಹಾಡಿದವರಿಗೆ, ಬಾರಿಸಿದವರಿಗೆ ಪ್ರದರ್ಶಕರ ಹಕ್ಕು ಅಂತ ಬೇರೆಯೇ ಇದೆ, 50 ವರ್ಷ. 2012ರ ತಿದ್ದುಪಡಿಯ ನಂತರ ತಮ್ಮ ಹೆಸರು ಹೇಳಿ ಅಂತ ಕೇಳುವ ಹಕ್ಕೂ ಸೇರಿದೆ. ಹಲಗಿಯವರನ್ನ 'ಮತ್ತು ತಂಡ' ಅಂತ ಮುಗಿಸೋರಿಗೆ ಇದನ್ನ ತೋರಿಸಿ.

ಯೂಟ್ಯೂಬಿನಲ್ಲಿ ಕಂಟೆಂಟ್ ಐಡಿ ಅನ್ನೋ ವ್ಯವಸ್ಥೆ ನೋಂದಾಯಿಸಿದ ಫೈಲಿನ ಜೊತೆ ಉಳಿದ ವಿಡಿಯೋಗಳ ಶಬ್ದ ಹೋಲಿಸುತ್ತೆ. ಹಾಡು ಕಟ್ಟಿದವರು ಯಾರು ಅಂತ ಅದಕ್ಕೆ ಗೊತ್ತಿಲ್ಲ, ನೋಂದಾಯಿಸಿದವರು ಯಾರು ಅಂತ ಮಾತ್ರ ಗೊತ್ತು. ಹಾಡು ಬಿಡುಗಡೆ ಮಾಡುವಾಗ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಗಳ ಗುರುತು ಪಡೆಯಿರಿ. ಮೆಟಾಡೇಟಾದಲ್ಲಿ, ಅಂದ್ರೆ ಫೈಲಿನ ಜೊತೆ ಹೋಗುವ ವಿವರದಲ್ಲಿ, ಎಲ್ಲರ ಹೆಸರೂ ಬರೆಯಿರಿ. ಹಲಗಿಯ ಒಂಟಿ ಪೆಟ್ಟುಗಳನ್ನ 'ಸ್ಯಾಂಪಲ್'ಗೆ ಅಂತ ಯಾರಾದರೂ ಕೇಳಿದರೆ, ಯಾವುದಕ್ಕೆ, ಯಾರಿಗೆ ಮಾರ್ತಾರೆ ಅಂತ ಕೇಳದೆ ಕೊಡಬೇಡಿ. ನಮ್ಮನ್ನ ಹೊರಗೆ ಕೂರಿಸಿದ ಆ ಕೀಬೋರ್ಡಿನ ಹಲಗಿಯನ್ನೂ ಯಾರೋ ಒಬ್ಬ ಬಾರಿಸಿರಬೇಕಲ್ಲ. ಅವನ ಹೆಸರು ನಮಗೆ ಗೊತ್ತಿಲ್ಲ.

1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಹಾಡಿನ ಕೊನೆಗೆ ತನ್ನ ಹೆಸರು ತಾನೇ ಹೇಳ್ತಿದ್ದಳು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, ಅಲ್ಲಿನವರಿಗೆ ಇದು ಯಾರ ದನಿ ಅಂತ ತಿಳೀಬೇಕಿತ್ತು. ತವಾಯಫ್ ಅಂತ ಸಮಾಜ ದೂರ ಇಟ್ಟ ಹೆಣ್ಣಿನ ಹೆಸರು ಹಂಗಾಗಿ ಇವತ್ತಿಗೂ ಆ ತಟ್ಟೆಗಳಲ್ಲಿದೆ. ಈ ಕತೆ ಹುಡುಗನಿಗೆ ಹೇಳಿದ್ದೆ. ನಮ್ಮ ಕೊನೆಯ ಟೇಕ್ ಮುಗಿದಾಗ ಅವನು ನಿಲ್ಲಿಸುವ ಗುಂಡಿ ಒತ್ತದೆ, "ಅಜ್ಜಾ, ಹೆಸರು ಹೇಳು" ಅಂದ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಹೆಸರು, ತನ್ನಪ್ಪನ ಹೆಸರು, ಊರು ಹೇಳಿದ. ಹಿಂದಿನಿಂದ ಅಂಗಳದ ಬೆಂಕಿ ಚಟಚಟ ಅನ್ನೋದೂ ಕೇಳುತ್ತೆ. ಗೇಟ್ ಹಾಕಿದರೆ ಅದು ಹೋಗುತ್ತೆ. ಹಾಕಿಲ್ಲ.

ಮೂಲ ವೇವ್ ಫೈಲುಗಳು ಈಗ ನಮ್ಮ ಟ್ರಂಕಿನಲ್ಲಿ ಒಂದು ಹಾರ್ಡ್‌ಡಿಸ್ಕಿನಲ್ಲಿವೆ, ಇನ್ನೊಂದು ಪ್ರತಿ ಅಣ್ಣನ ಮನೆಯಲ್ಲಿದೆ. ಅಪ್ಪ ಹಲಗಿಯನ್ನ ತಿರುಗಿ ಗೂಟಕ್ಕೆ ಹಾಕಿದ್ದಾನೆ. ಊರವರು ಕರೆದರೆ ಇವತ್ತಿಗೂ ಇಳಿಸಲ್ಲ. "ನಿಮ್ಮ ಮುಂದಿನ ಹಾಡಿಗೆ ಹೇಳ್ರಿ, ನೋಡೋಣು" ಅಂದಿದ್ದಾನೆ.

ಸಂಗಾತಿಗಳೇ, ನಿಮ್ಮ ಊರಲ್ಲೂ ಈ ಸಲ ಹಾಡು ಮಾಡ್ತೀರಿ. ಹೋಗುವ ಮುಂಚೆ ನಾಲ್ಕು ಪದ ಕಲಿತು ಹೋಗಿ: ಗೇನ್, ವೇವ್, ಸ್ಟೆಮ್ಸ್, ಕರಾರು. ಗೊತ್ತಿಲ್ಲದ್ದನ್ನ ಕಮೆಂಟಿನಲ್ಲಿ ಕೇಳಿ, ಹುಡುಗ ಉತ್ತರ ಕೊಡ್ತಾನೆ. ನಮಗಿಂತ ಚೆನ್ನಾಗಿ ಬಲ್ಲವರು ನಮ್ಮನ್ನ ತಿದ್ದಿ.

ಜೈ ಭೀಮ್.